ಪೆಟ್ರೋಲಿನ ವಾಸನೆ

ಗಂಧವು ಪೃಥ್ವಿಯ ವಿಶೇಷ ಗುಣವೆಂದು ನಮ್ಮ ತಾರ್ಕಿಕರು ಹೇಳುತ್ತಾರೆ. ನೀರಿಗೆ ವಾಸನೆಯಿಲ್ಲ, ಗಾಳಿಗಿಲ್ಲ, ಬೆಂಕಿಗೂ ಇಲ್ಲ. ಅವುಗಳಲ್ಲಿ ಎಲ್ಲಿಯಾದರೂ ವಾಸನೆ ತೋರಿಬಂದರೆ ಅದು ಬೆರೆತುಕೊಂಡ ಪೃಥ್ವಿಯ ಅಂಶದ್ದೇ ಹೊರತು ಅವುಗಳದಲ್ಲವೆಂದು ಅವರ ಸಿದ್ಧಾಂತ. ಹೀಗೆಂದವರು ಪೆಟ್ರೋಲನ್ನು ಕಂಡವರಲ್ಲ. ಆದರೂ ಭೂಮಿಯ ಗರ್ಭದಲ್ಲಿ ಕೋಟ್ಯಂತರ ವರ್ಷ ಹುದುಗಿದ್ದ ಎಣ್ಣೆಯನ್ನು ಮೇಲಕ್ಕೆತ್ತಿ, ಬಟ್ಟಿಯಿಳಿಸಿ ತೆಗೆದ ಈ ದ್ರವವನ್ನು ಒಮ್ಮೆ ಮೂಸಿದ್ದರೆ, ತಮ್ಮ ಮಾತಿಗೆ ಇನ್ನೊಂದು ನಿದರ್ಶನ ಸಿಕ್ಕಿತೆಂದು ಅವರು ಸಂತೋಷಪಡುತ್ತಿದ್ದರೆಂದೇ ನನ್ನ ನಂಬಿಕೆ. ತಾರ್ಕಿಕರನ್ನು ಇಲ್ಲಿಗೆ ಕರೆತಂದದ್ದು ಪಾಂಡಿತ್ಯಪ್ರದರ್ಶನಕ್ಕಲ್ಲ. ನಮ್ಮ ಮನೆಯ ಹಳೆಯ ಮೋಟಾರು ಸೈಕಲ್ಲಿನಿಂದ ಹೊರಟು, ಎಲ್ಲಿಂದ ಬರುತ್ತಿದೆಯೆಂಬುದನ್ನು ಎರಡೂವರೆ ತಿಂಗಳು ಯಾರಿಗೂ ತಿಳಿಯಗೊಡದೆ ಕಾಡಿದ ಒಂದು ವಾಸನೆಯ ಜಾಡನ್ನು ಹಿಡಿಯುವಲ್ಲಿ ನನಗೆ ಹೆಚ್ಚಾಗಿ ನೆರವಾದದ್ದು ಸ್ಪ್ಯಾನರುಗಳ ಪೆಟ್ಟಿಗೆಯಲ್ಲ. ಕಾಲೇಜಿನಲ್ಲಿ ಅರೆಮನಸ್ಸಿನಿಂದ ಕಲಿತಿದ್ದ ಆ ಶಾಸ್ತ್ರದ ಒಂದೆರಡು ಪರಿಭಾಷೆಗಳು.

ವಾಹನದ ಪರಿಚಯವನ್ನು ಮೊದಲು ಮಾಡಿಕೊಡಬೇಕು. ಅದು 1968ರಲ್ಲಿ ನಮ್ಮ ತಂದೆಯವರು ಕೊಂಡ ಜಾವಾ. ಈ ಹೆಸರಿಗೂ ಸಕ್ಕರೆಗೆ ಹೆಸರಾದ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ಚೆಕ್ ದೇಶದ ಜಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ ತಯಾರಿಕೆಯನ್ನು ಕೊಂಡುಕೊಂಡು, ತನ್ನ ಹೆಸರಿನ ಆದಿಯನ್ನೂ ಆ ಕಂಪನಿಯ ಹೆಸರಿನ ಆದಿಯನ್ನೂ ಕೂಡಿಸಿ ಕಟ್ಟಿದ ಹೆಸರು ಅದು. ನಮ್ಮ ವೈಯಾಕರಣರು ಕಂಡಿದ್ದರೆ ಯಾವ ಸಂಧಿಯೆನ್ನುತ್ತಿದ್ದರೋ ತಿಳಿಯದು. ಈ ವಾಹನವನ್ನು ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಿಸತೊಡಗಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹವೂ ಅದಕ್ಕೆ ಇತ್ತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರಿನಿಂದ ಹೊಸ ವಾಹನಗಳು ಮತ್ತೆ ಬಂದುವಾದರೂ ಅವು ಮೈಸೂರಿನಲ್ಲಿ ಹುಟ್ಟಿದವಲ್ಲ. ಹಳೆಯ ಮೈಸೂರಿಗರು ಇವೆರಡನ್ನೂ ಒಂದೇ ಎಂದು ಒಪ್ಪುವುದಿಲ್ಲ. ಆ ವಾದಕ್ಕೆ ಈಗ ಇಳಿಯುವುದು ಬೇಡ.

ನಮ್ಮದು 250 ಘನ ಸೆಂಟಿಮೀಟರಿನ ಯಂತ್ರ. ಸಿಲಿಂಡರು ಒಂದೇ ಆದರೂ ಹೊಗೆಯ ಕೊಳವೆ ಎರಡು. ಕಿಕ್ ಹೊಡೆದು ಯಂತ್ರವನ್ನು ಎಬ್ಬಿಸುವ ಕೋಲೇ, ಮುಂದಕ್ಕೆ ತಿರುಗಿಸಿದರೆ, ಗೇರು ಬದಲಿಸುವ ಕೋಲು. ಒಂದು ವಸ್ತುವಿನಿಂದ ಎರಡು ಕೆಲಸ ತೆಗೆಯುವ ಈ ಮಿತವ್ಯಯ ನಮ್ಮ ತಂದೆಯವರಿಗೆ ಬಹಳ ಮೆಚ್ಚುಗೆಯಾಗಿತ್ತು. ಮುಂದಿನ ಕಥೆಗೆ ಬೇಕಾದ ಮಾತೊಂದಿದೆ: ಇದು ಟೂ-ಸ್ಟ್ರೋಕ್ ಯಂತ್ರವಾದುದರಿಂದ ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸಿಯೇ ಟ್ಯಾಂಕಿಗೆ ಸುರಿಯಬೇಕು. ಲೀಟರಿಗೆ 40ರಿಂದ 50 ಮಿಲಿಲೀಟರು. ಯಂತ್ರದ ಒಳಗಣ ಭಾಗಗಳಿಗೆಲ್ಲ ಆ ಬೆರಕೆಯೇ ಅಭ್ಯಂಜನ.

ಇನ್ನು ಮನೆ. ಮೈಸೂರಿನ ಹಳೆಯ ಬೀದಿಗಳಲ್ಲಿ ಮನೆಗೆ ಮುಂದೆ ಜಗಲಿಯುಂಟು, ಕಾಂಪೌಂಡಿಲ್ಲ. ಬೀದಿಯ ಅಗಲವಾದರೋ ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದಷ್ಟು. ಆದುದರಿಂದ 1968ರಿಂದಲೂ ವಾಹನವನ್ನು ಹಲಗೆಯ ಮೇಲೆ ಹತ್ತಿಸಿ ಹಜಾರದಲ್ಲಿ ನಿಲ್ಲಿಸುವುದೇ ವಾಡಿಕೆ. ಹಜಾರದಿಂದ ನಡುಮನೆ, ನಡುಮನೆಯಿಂದ ಎಡಕ್ಕೆ ದೇವರಮನೆ, ಬಲಕ್ಕೆ ಅಡಿಗೆಮನೆ. ದೇವರಮನೆಯಲ್ಲಿ ನಮ್ಮ ಅಜ್ಜಿಯ ಕಾಲದಿಂದ ಉರಿಯುತ್ತಿರುವ ನಂದಾದೀಪವಿದೆ. ಅಜ್ಜಿಯ ತರುವಾಯ ಅದನ್ನು ನೋಡಿಕೊಂಡು ಬಂದವರು ನಮ್ಮ ತಾಯಿ. ಅವರಿಗೆ ಈಗ ಎಂಬತ್ತು ವರ್ಷ.

2025ರ ಯುಗಾದಿ ಕಳೆದು ಒಂದು ವಾರವಾಗಿರಬಹುದು. ಸಾಯಂಕಾಲ ರಾಮಮಂದಿರದಿಂದ ಹಿಂದಿರುಗಿದ ತಾಯಿಯವರು ಹೊಸ್ತಿಲಲ್ಲಿಯೇ ನಿಂತು, "ಏನೋ ಇದು, ಮನೆಯೆಲ್ಲ ಪೆಟ್ರೋಲಿನ ನಾತ?" ಎಂದರು. ನಾನು ಮಧ್ಯಾಹ್ನದಿಂದ ಅದೇ ಹಜಾರದಲ್ಲಿ ಕುಳಿತು ಬರೆಯುತ್ತಿದ್ದೆ. ನನಗೆ ಯಾವ ವಾಸನೆಯೂ ಇರಲಿಲ್ಲ. ನನ್ನ ಹೆಂಡತಿ ಅಡಿಗೆಮನೆಯಲ್ಲಿದ್ದಳು, ಅವಳಿಗೂ ಇರಲಿಲ್ಲ. ಮುದುಕರ ಮೂಗು ಏನನ್ನೋ ಕಲ್ಪಿಸಿಕೊಂಡಿತೆಂದು ಹೇಳುವುದು ಸುಲಭವಾಗಿತ್ತು. ಆದರೆ ಜಗಲಿಗೆ ಹೋಗಿ ಹತ್ತು ನಿಮಿಷ ನಿಂತು ಒಳಗೆ ಕಾಲಿಟ್ಟಾಗ ನನಗೂ ಆ ವಾಸನೆ ಗಪ್ಪನೆ ಬಡಿಯಿತು.

ಮೂಗಿನ ಸ್ವಭಾವವೇ ಹೀಗೆ. ಕಣ್ಣಿನ ಮುಂದೆ ಒಂದು ಕಂಬವಿದ್ದರೆ ದಿನವೆಲ್ಲ ಕಂಬ ಕಾಣುತ್ತದೆ. ಮೂಗಿನ ಮುಂದೆ ಒಂದು ವಾಸನೆಯಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದನ್ನು ಸಂಸಾರದ ಒಂದು ಭಾಗವೆಂದು ಒಪ್ಪಿಕೊಂಡು ಸುಮ್ಮನಾಗುತ್ತದೆ. ಹೊಸದನ್ನು ಸಾರುವುದು ಅದರ ಕೆಲಸ, ಇರುವುದನ್ನು ಸಾರುವುದಲ್ಲ. ಹಾಗೆಂದು ಅದರ ಸೂಕ್ಷ್ಮತೆಯನ್ನು ಕಡೆಗಣಿಸುವಂತಿಲ್ಲ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು ಪೆಟ್ರೋಲಿನ ಆವಿಯಿದ್ದರೂ ಹೊರಗಿನಿಂದ ಬಂದವರ ಮೂಗು ಅದನ್ನು ಗುರುತಿಸಬಲ್ಲುದು. ಆ ಆವಿ ಕಿಡಿ ತಗುಲಿ ಹೊತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ ಅದರ ಅಂಶ ನೂರಕ್ಕೆ 1.4ರಷ್ಟಾದರೂ ಇರಬೇಕು. ಎಂದರೆ ಅಪಾಯ ಬಾಗಿಲಿಗೆ ಬರುವುದಕ್ಕೆ ಬಹಳ ಮುಂಚೆಯೇ ಮೂಗು ಕೂಗಿ ಹೇಳುತ್ತದೆ. ಅಡಿಗೆಯ ಅನಿಲಕ್ಕೆ ತನ್ನದೆಂಬ ವಾಸನೆ ಇಲ್ಲದಿರುವುದರಿಂದಲೇ ಅದಕ್ಕೊಂದು ದುರ್ವಾಸನೆಯನ್ನು ಬೇಕೆಂದು ಬೆರೆಸಿ ಕಳುಹಿಸುತ್ತಾರೆ. ಪೆಟ್ರೋಲಿಗೆ ಆ ಉಪಚಾರ ಬೇಕಾಗಿಲ್ಲ.

ಆದರೆ ಇಷ್ಟರಿಂದ ಧೈರ್ಯ ತಂದುಕೊಳ್ಳುವಂತಿರಲಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಾಲು ಭಾರ. ಅದು ಹೊಗೆಯಂತೆ ಮೇಲಕ್ಕೇರಿ ಹೆಂಚಿನ ಸಂದಿಯಲ್ಲಿ ಹೋಗಿಬಿಡುವುದಿಲ್ಲ. ಚೆಲ್ಲಿದ ನೀರಿನಂತೆ ನೆಲದ ಮೇಲೆ ಹರಿದು ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಹಜಾರಕ್ಕಿಂತ ನಡುಮನೆ ಎರಡು ಅಂಗುಲ ತಗ್ಗು, ದೇವರಮನೆ ಅದಕ್ಕಿಂತ ತಗ್ಗು, ದೀಪವಿರುವುದು ನೆಲದಿಂದ ಒಂದು ಗೇಣು ಮೇಲೆ. ಹಜಾರದ ಸರಾಸರಿ ಲೆಕ್ಕವು ದೇವರಮನೆಯ ಮೂಲೆಗೆ ಅನ್ವಯಿಸಬೇಕೆಂಬ ನಿಯಮವಿಲ್ಲ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುವ ಈ ದ್ರವ, ಮೈಸೂರಿನ ಚೈತ್ರಮಾಸದಲ್ಲಿ ಏನು ತಾನೆ ಸಂಕೋಚಪಟ್ಟೀತು?

ಆ ದಿನವೇ ವಾಹನವನ್ನು ಜಗಲಿಯ ಕೆಳಗೆ ಇಳಿಸಿದೆವು. ಬೆಂಗಳೂರಿನಲ್ಲಿರುವ ನಮ್ಮ ಅಣ್ಣ ದೂರವಾಣಿಯಲ್ಲಿ, "ಮಾರಿಬಿಡು, ಈಗ ಹಳೆಯ ಜಾವಾಗಳಿಗೆ ಕೊಳ್ಳುವವರಿದ್ದಾರೆ. ಅಮ್ಮ ಇರುವ ಮನೆಯಲ್ಲಿ ಅದೇಕೆ?" ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೆ ಉತ್ತರ ಹೇಳಿದವರು ತಾಯಿಯವರೇ: "ಅದು ಹೋಗಬೇಕಾಗಿಲ್ಲ, ನಾತ ಹೋಗಬೇಕು." ಅವರು ಆ ವಾಹನದ ಹಿಂದೆ ಕುಳಿತು ಒಂದು ದಿನವೂ ಎಲ್ಲಿಗೂ ಹೋದವರಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಬೀದಿಯಲ್ಲಿ ಎಷ್ಟು ದಿನ ನಿಲ್ಲಿಸಲಾದೀತು? ಎದುರು ಮನೆಯ ಕಾರು ಹೊರಡಬೇಕಾದಾಗಲೆಲ್ಲ ನಾನು ಬಂದು ಸರಿಸಬೇಕು. ಅಲ್ಲದೆ ಸೋರಿಕೆ ಎಲ್ಲಿದೆಯೆಂದು ತಿಳಿಯದ ವಾಹನವನ್ನು ಬೀದಿಗೆ ಹಾಕಿದ ಮಾತ್ರಕ್ಕೆ ಅದನ್ನೇರುವವನಿಗೆ ಕ್ಷೇಮವೆಂದಾಗಲಿಲ್ಲ. ಮೊಣಕಾಲುಗಳ ನಡುವೆ ಟ್ಯಾಂಕು, ಅದರ ಕೆಳಗೆ ಕಾದ ಸಿಲಿಂಡರು. ಆದಕಾರಣ ಮನೆಯಲ್ಲಿ ಒಂದು ಏರ್ಪಾಡಾಯಿತು. ಪರೀಕ್ಷೆಗಾಗಿ ವಾಹನ ಹಜಾರದಲ್ಲಿ ನಿಲ್ಲುವ ದಿನಗಳಲ್ಲಿ ಊಟವಾದ ಮೇಲೆ ಒಲೆ ಹೊತ್ತಿಸಕೂಡದು, ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು, ದೀಪವನ್ನು ಶಾಂತಮಾಡಬೇಕು. ಕಡೆಯದನ್ನು ಹೇಳಲು ನನಗೆ ಬಾಯಿ ಬಂದಿರಲಿಲ್ಲ. ತಾಯಿಯವರೇ ಎದ್ದುಹೋಗಿ ಹೂವಿನಿಂದ ಬತ್ತಿಯನ್ನು ಎಣ್ಣೆಗೆ ಒತ್ತಿ ಬಂದು, "ದೇವರಿಗೆ ಕತ್ತಲೆ ಹೊಸದಲ್ಲ" ಎಂದರು. ಅಷ್ಟೆ. ಆದರೆ ಅಂದಿನಿಂದ ಸಾಯಂಕಾಲ ಆ ಬಾಗಿಲಿನತ್ತ ನೋಡಲು ನಮಗೆಲ್ಲ ಇರಿಸುಮುರಿಸು.

ಕಾರಣಗಳನ್ನು ಹೇಳುವವರಿಗೆ ಕೊರತೆಯಿರಲಿಲ್ಲ. ಪಕ್ಕದ ಮನೆಯ ಹುಡುಗ ಎಲ್ಲಕ್ಕೂ ಎಥೆನಾಲೇ ಕಾರಣವೆಂದ. 2023ರ ಫೆಬ್ರವರಿಯಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಬೆಂಗಳೂರಿನಲ್ಲಿ ಚಾಲನೆ ಕೊಟ್ಟ ಮೇಲೆ, ಹಳೆಯ ವಾಹನಗಳಿಗೆ ನೆಗಡಿ ಬಂದರೂ ಅದರ ಮೇಲೆ ಹೇಳುವುದು ರೂಢಿಯಾಗಿದೆ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಎಥೆನಾಲು ಹಿಂದಿನ ಕಾಲದ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಆ ನೀರು ಟ್ಯಾಂಕಿನ ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಆದರೆ ಎಲ್ಲ ಸೋರಿಕೆಗಳಿಗೂ ಸಾಮಾನ್ಯವಾಗಿರುವ ಕಾರಣವು ಈ ಸೋರಿಕೆ ಎಲ್ಲಿದೆಯೆಂಬುದನ್ನು ಹೇಳಲಾರದು. ಇನ್ನೊಬ್ಬ ಮಿತ್ರರು ಅಡಿಗೆಯ ಅನಿಲದ ಸಿಲಿಂಡರನ್ನು ಪರೀಕ್ಷಿಸಿರಿ ಎಂದರು, ಹಾಗೆಯೇ ಮಾಡಿದೆವು.

ನಮ್ಮ ಮೆಕ್ಯಾನಿಕರು ಎಪ್ಪತ್ತು ದಾಟಿದವರು, ಜಾವಾ ಬಿಟ್ಟು ಬೇರೆ ವಾಹನವನ್ನು ಮುಟ್ಟುವುದಿಲ್ಲವೆಂಬ ವ್ರತವುಳ್ಳವರು. ಅವರ ಪದ್ಧತಿ ಕೆಳಗಿನಿಂದ ಮೇಲಕ್ಕೆ. ಕಾರ್ಬುರೇಟರು ಈ ವಾಹನದಲ್ಲಿ ಒಂದು ಮುಚ್ಚಳದ ಮರೆಯಲ್ಲಿದೆ. ಅದರ ಬಟ್ಟಲಿನಲ್ಲಿ ತೇಲುವ ಫ್ಲೋಟು ಮಟ್ಟ ತಲಪಿದೊಡನೆ ಸೂಜಿಯನ್ನು ಮೇಲೊತ್ತಿ ಪೆಟ್ರೋಲನ್ನು ನಿಲ್ಲಿಸಬೇಕು. ಸೂಜಿ ಸವೆದಿದ್ದರೆ ಬಟ್ಟಲು ತುಂಬಿ ಹರಿಯುತ್ತದೆ. ಸೂಜಿ ಸರಿಯಾಗಿತ್ತು. ಮೇಲಾಗಿ ಟ್ಯಾಂಕಿನ ಕಾಕನ್ನು ತಿರುಗಿಸಿ ಮುಚ್ಚಿಟ್ಟ ದಿನವೂ ವಾಸನೆ ಬಂದುದರಿಂದ, ಕಾಕಿನಿಂದ ಕೆಳಗಿರುವುದೆಲ್ಲ ನಿರಪರಾಧಿಯೆಂದು ಸಿದ್ಧವಾಯಿತು. ಕಾಕಿನೊಳಗೆ ಬಿರಡೆಯ ವಾಷರು ಇರುತ್ತದೆ. ಅದು ಒಣಗಿದರೆ ಕುಗ್ಗುತ್ತದೆ. ಅದನ್ನು ಬದಲಿಸಿದರು. ಟ್ಯಾಂಕಿನ ಮುಚ್ಚಳದ ವಾಷರನ್ನೂ ಬದಲಿಸಿದರು. ಟ್ಯಾಂಕಿನ ಅಂಚುಗಳಿಗೆಲ್ಲ ಸೀಮೆಸುಣ್ಣ ಬಳಿದು ಎರಡು ದಿನ ಬಿಟ್ಟರು; ಎಲ್ಲಿಯಾದರೂ ತೇವವಾದರೆ ಬಿಳಿಯ ಮೇಲೆ ಕಪ್ಪು ಕಾಣಬೇಕು. ಸುಣ್ಣ ಸುಣ್ಣವಾಗಿಯೇ ಇತ್ತು. ನೆಲಕ್ಕೆ ಹಾಸಿದ ವೃತ್ತಪತ್ರಿಕೆಯ ಮೇಲೆ ಒಂದು ಹನಿಯೂ ಇರಲಿಲ್ಲ.

"ಟ್ಯಾಂಕು ತೇವ ಇಲ್ಲ, ಕಾಕು ತೇವ ಇಲ್ಲ, ನೆಲ ತೇವ ಇಲ್ಲ. ಇಲ್ಲದೇ ಇರೋ ಸೋರಿಕೇನ ನಾನೆಲ್ಲಿಂದ ರಿಪೇರಿ ಮಾಡ್ಲಿ ಸ್ವಾಮಿ?" ಎಂದು ಅವರು ಕೈ ಒರೆಸಿಕೊಂಡು ಹೊರಟರು. ಆ ದಿನ ಸಂಜೆ ರಾಮಮಂದಿರದಿಂದ ಬಂದ ತಾಯಿಯವರು ಹೊಸ್ತಿಲಲ್ಲಿ ನಿಂತು ಏನನ್ನೂ ಹೇಳದೆ ಸೆರಗನ್ನು ಮೂಗಿಗೆ ಹಿಡಿದರು.

ಅಂದಿನಿಂದ ನಾನು ವಾಹನವನ್ನು ನೋಡುವುದನ್ನು ಬಿಟ್ಟು ದಿನಗಳನ್ನು ನೋಡತೊಡಗಿದೆ. ನಮ್ಮ ಮನೆಗೆ ಬರುವುದು ಒಂಟಿಕೊಪ್ಪಲ್ ಪಂಚಾಂಗ. ಅದರ ಅಂಚಿನಲ್ಲಿ, ಪೆಟ್ರೋಲು ತುಂಬಿಸಿದ ದಿನಕ್ಕೊಂದು ಗೀಟು, ತಾಯಿಯವರು ವಾಸನೆಯೆಂದ ದಿನಕ್ಕೊಂದು ಸೊನ್ನೆ, ಮೋಡ ಕವಿದ ದಿನಕ್ಕೊಂದು ಅಡ್ಡಗೆರೆ ಹಾಕುತ್ತ ಬಂದೆ. ತಿಥಿ ನಕ್ಷತ್ರ ಯೋಗ ಕರಣಗಳ ಪಕ್ಕದಲ್ಲಿ ಈ ಆರನೆಯ ಅಂಗವನ್ನು ಕಂಡು ಮನೆಗೆ ಬಂದ ಪುರೋಹಿತರು ಸ್ವಲ್ಪ ಹೊತ್ತು ಚಿಂತೆಗೊಳಗಾದರು.

ಅನ್ವಯ ವ್ಯತಿರೇಕಗಳೆಂದು ತಾರ್ಕಿಕರು ಕರೆಯುವುದು ಇದನ್ನೇ. ಎಲ್ಲಿ ಇದು ಉಂಟೋ ಅಲ್ಲಿ ಅದುಂಟು, ಎಲ್ಲಿ ಇದಿಲ್ಲವೋ ಅಲ್ಲಿ ಅದೂ ಇಲ್ಲ; ಎರಡು ದಿಕ್ಕಿನಿಂದಲೂ ಹೊಂದಿಬಂದರೆ ಮಾತ್ರ ಸಂಬಂಧವನ್ನು ನಂಬಬಹುದು. ಮೇ ತಿಂಗಳು ಮುಗಿಯುವ ವೇಳೆಗೆ ಪಂಚಾಂಗದ ಅಂಚು ಎರಡು ಸಂಗತಿಗಳನ್ನು ಹೇಳಿತು. ಸೊನ್ನೆಗಳೆಲ್ಲ ಗೀಟಿನ ಬೆನ್ನಿಗೇ, ಮೂರು ನಾಲ್ಕು ದಿನಗಳ ಒಳಗೆ ಬಿದ್ದಿದ್ದುವು. ದಿನಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ ಸುಡುವುದು ನನ್ನ ಓಡಾಟ. ಇದು ಒಂದು. ಗೀಟಿನ ಮರುದಿನವೇ ಆಗಲಿ, ಅಡ್ಡಗೆರೆಯಿದ್ದರೆ ಸೊನ್ನೆಯಿರಲಿಲ್ಲ. ಇದು ಎರಡನೆಯದು. ಮುಂಗಾರು ಆ ವರ್ಷ ಬೇಗ ಬಂದು ಮೇ ಕೊನೆಯ ವಾರವೆಲ್ಲ ಮೋಡವಾದಾಗ ಟ್ಯಾಂಕು ತುಂಬಿದ್ದರೂ ವಾಸನೆ ಸಂಪೂರ್ಣವಾಗಿ ನಿಂತುಹೋಗಿತ್ತು. ಅಣ್ಣ, "ತಾನಾಗಿಯೇ ಸರಿಹೋಯಿತು" ಎಂದ. ಯಂತ್ರಗಳು ತಾವಾಗಿಯೇ ಕೆಡುವುದನ್ನು ಕಂಡಿದ್ದೇನೆ, ಸರಿಹೋಗುವುದನ್ನು ಕಂಡಿಲ್ಲ. ಜೂನಿನಲ್ಲಿ ಎರಡು ದಿನ ಬಿಸಿಲು ಕಾದೊಡನೆ ಸೊನ್ನೆ ಮತ್ತೆ ಬಿತ್ತು.

ಹಜಾರದ ಕಿಟಕಿ ಪಶ್ಚಿಮಕ್ಕಿದೆ. ಮೂರು ಗಂಟೆಯಿಂದ ಐದು ಗಂಟೆಯವರೆಗೆ ಬಿಸಿಲು ನೇರವಾಗಿ ಟ್ಯಾಂಕಿನ ಮೇಲೆ ಬೀಳುತ್ತದೆ. ಆ ಹೊತ್ತಿನಲ್ಲಿ ಅದರ ತಗಡನ್ನು ಮುಟ್ಟಿದರೆ ಕೈಗೆ ಬಿಸಿ. ಪೆಟ್ರೋಲು ಒಂದು ಡಿಗ್ರಿ ಕಾದರೆ ಸಾವಿರಕ್ಕೆ ಒಂದು ಪಾಲಿನಷ್ಟು ಹಿಗ್ಗುತ್ತದೆ. ಹತ್ತು ಲೀಟರಿಗೆ ಹತ್ತು ಡಿಗ್ರಿ ಏರಿದರೆ ಅದು ನೂರು ಮಿಲಿಲೀಟರು, ಒಂದು ಲೋಟಕ್ಕೆ ಸ್ವಲ್ಪ ಕಡಿಮೆ. ಮೇಲಿರುವ ಗಾಳಿ ಮತ್ತು ಆವಿ ಅದಕ್ಕಿಂತಲೂ ಹೆಚ್ಚಾಗಿ ಹಿಗ್ಗಿ ಒತ್ತುತ್ತವೆ. ಈ ಒತ್ತಡ ಹೋಗಲೆಂದೇ ಮುಚ್ಚಳದಲ್ಲಿ ಒಂದು ಉಸಿರುಗಂಡಿ ಇರುತ್ತದೆ. ನಮ್ಮದರಲ್ಲಿ ಅದು ಧೂಳಿನಿಂದ ಮುಕ್ಕಾಲುಪಾಲು ಮುಚ್ಚಿತ್ತು.

ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಯೇ ಎಂದು ಕೇಳಿದರೆ ತಾರ್ಕಿಕರು ಇಲ್ಲವೆನ್ನುತ್ತಾರೆ: ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆ ಸೇರಿದರೆ ಮಾತ್ರ ಹೊಗೆ. ಈ ಹಸಿಯ ಸೌದೆಗೆ ಅವರು ಉಪಾಧಿಯೆಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿಯೂ ತೂತೊಂದೇ ಸಾಲದು. ತುಂಬಿದ ಟ್ಯಾಂಕು, ಬಿಸಿಲು, ಕಟ್ಟಿದ ಉಸಿರುಗಂಡಿ ಎಂಬ ಮೂರು ಉಪಾಧಿಗಳು ಕೂಡಿದ ಎರಡು ಗಂಟೆಗಳಲ್ಲಿ ಮಾತ್ರ ಅದು ತೂತಾಗುತ್ತಿತ್ತು. ಮೆಕ್ಯಾನಿಕರು ಬರುತ್ತಿದ್ದುದು ಬೆಳಿಗ್ಗೆ ಹತ್ತಕ್ಕೆ. ಆಗ ತಂಪಾಗಿದ್ದ ವಾಹನದಲ್ಲಿ ಅವರಿಗೆ ಏನು ಸಿಕ್ಕೀತು? ಇಷ್ಟರಿಂದ ಇನ್ನೊಂದು ಮಾತೂ ತಿಳಿಯಿತು. ತೂತು ಟ್ಯಾಂಕಿನ ತಳದಲ್ಲಿಲ್ಲ. ಅಲ್ಲಿದ್ದರೆ ಪೆಟ್ರೋಲು ಎಷ್ಟೇ ಇದ್ದರೂ ಸೋರಬೇಕಾಗಿತ್ತು. ಅದು ಎತ್ತರದಲ್ಲೆಲ್ಲೋ ಇರಬೇಕು. ಆದರೆ ಕಾಣುವ ಎತ್ತರದಲ್ಲಿ ಏನೂ ಇಲ್ಲ.

ಕಣ್ಣಿಗೆ ಸಾಗದುದನ್ನು ಮತ್ತೆ ಮೂಗಿಗೇ ಒಪ್ಪಿಸಬೇಕಾಯಿತು. ಆದರೆ ಮೂಗನ್ನು ವಾಹನದ ಹತ್ತಿರ ಒಯ್ದರೆ ಅದು ಕ್ಷಣದಲ್ಲಿ ಜಡವಾಗುತ್ತದೆ. ಆದುದರಿಂದ ವಾಸನೆಯನ್ನೇ ಮೂಗಿನ ಹತ್ತಿರ ಒಯ್ಯುವುದೆಂದು ನಿಶ್ಚಯಿಸಿದೆ. ಹಳೆಯ ಪಂಚೆಯೊಂದನ್ನು ಹರಿದು ಆರು ತುಂಡು ಮಾಡಿ, ಮುಚ್ಚಳದ ಸುತ್ತ ಒಂದು, ಕಾಕಿಗೆ ಒಂದು, ಕಾರ್ಬುರೇಟರಿನ ಬಳಿ ಒಂದು, ಟ್ಯಾಂಕಿನ ಮುಂತುದಿಗೆ ಒಂದು, ಹಿಂತುದಿಗೆ ಒಂದು, ಸೀಟಿನ ಕೆಳಗೆ ಚಾಸಿಗೆ ಒಂದು ಕಟ್ಟಿದೆ. ಟ್ಯಾಂಕು ತುಂಬಿತ್ತು, ಆಕಾಶ ನಿರ್ಮಲವಾಗಿತ್ತು. ಐದು ಗಂಟೆಗೆ ಆರನ್ನೂ ಬಿಚ್ಚಿ ಆರು ಹಾರ್ಲಿಕ್ಸ್ ಸೀಸೆಗಳಲ್ಲಿ ಹಾಕಿ ಬಿಗಿದು, ಅಂಕೆಯ ಚೀಟಿ ಅಂಟಿಸಿ, ರಾಮಮಂದಿರದಿಂದ ಬಂದ ತಾಯಿಯವರನ್ನು ಜಗಲಿಯ ಮೇಲೆಯೇ ಕುಳ್ಳಿರಿಸಿದೆ. ಯಾವುದು ಎಲ್ಲಿಯದೆಂದು ಅವರಿಗೆ ಹೇಳಲಿಲ್ಲ.

ಅವರು ಅದನ್ನು ಉಪ್ಪಿನಕಾಯಿಯ ಜಾಡಿಗಳನ್ನು ಪರೀಕ್ಷಿಸುವ ಗಾಂಭೀರ್ಯದಿಂದಲೇ ಮಾಡಿದರು. ಒಂದನ್ನು ಮೂಸಿ ಮುಚ್ಚಿ, ಬೀದಿಯ ಕಡೆಗೆ ತಿರುಗಿ ಎರಡು ಸಲ ಉಸಿರೆಳೆದುಕೊಂಡು, ಅನಂತರ ಇನ್ನೊಂದು. ಮುಚ್ಚಳದ್ದನ್ನು, "ಇದರಲ್ಲಿ ಸ್ವಲ್ಪ ಇದೆ" ಎಂದರು. ಕಾಕಿನದನ್ನು ಪಕ್ಕಕ್ಕಿಟ್ಟರು. ಕಡೆಯ ಸೀಸೆಯ ಮುಚ್ಚಳವನ್ನು ಅರ್ಧ ತಿರುಗಿಸಿದವರು ತಟ್ಟನೆ ಮುಖ ಹಿಂದಕ್ಕೆ ತೆಗ�ೆದು, "ಇದೇ ಕಣೋ" ಎಂದರು. ಅದು ಸೀಟಿನ ಕೆಳಗಣದು. ಪೆಟ್ರೋಲಿನ ಒಂದು ಭಾಗವೂ ಇಲ್ಲದ ಜಾಗ.

ಸೀಟನ್ನು ಬಿಚ್ಚಿದಾಗ ಎಲ್ಲವೂ ಎಣ್ಣೆಯಿಂದ ತಿಳಿಯಿತು. ಪೆಟ್ರೋಲು ಬಂದ ಗುರುತಿಲ್ಲದೆ ಆರಿಹೋಗಬಹುದು. ಅದರಲ್ಲಿ ಬೆರೆಸಿದ ಎಣ್ಣೆ ಆರುವುದಿಲ್ಲ. ಚಾಸಿಯ ಮೇಲ್ಗಂಬಿಯ ಬೆನ್ನ ಮೇಲೆ, ಟ್ಯಾಂಕಿನ ಕೆಳಗಿನಿಂದ ಹೊರಟು ಸೀಟಿನ ಕೆಳಗೆ ಅಗಲವಾಗಿ ಹರಡಿಕೊಂಡಿದ್ದ ಒಂದು ತೆಳುವಾದ ಎಣ್ಣೆಯ ಪಟ್ಟೆ, ಅದರ ಮೇಲೆ ಕೂತ ಧೂಳು. ಹೆಂಚಿನ ಮನೆಯಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಂಚು ಒಡೆದಿರುವುದು ಒಂದು ಕಡೆ. ನೀರು ತೊಲೆಯ ಮೇಲೆ ಹರಿದು ಬಂದು ತೊಟ್ಟಿಕ್ಕುವುದು ಎರಡು ಮಾರು ಆಚೆ, ಅದೂ ಹಾಸಿಗೆಯ ಮೇಲೆ. ಇಲ್ಲಿ ತೊಟ್ಟಿಕ್ಕುವುದಕ್ಕೂ ಮೊದಲೇ ಕಾದ ಕಂಬಿಯ ಮೇಲೆ ಹರಡಿ ಆವಿಯಾಗುತ್ತಿತ್ತು. ಓಡುವಾಗಲಂತೂ ಗಾಳಿಯೇ ಒರೆಸಿಕೊಂಡು ಹೋಗುತ್ತಿತ್ತು.

ಮೆಕ್ಯಾನಿಕರು ಟ್ಯಾಂಕನ್ನು ಬಿಚ್ಚಿ ಬೋರಲು ಹಾಕಿದರು. ಮೋಟಾರು ಸೈಕಲ್ಲಿನ ಟ್ಯಾಂಕು ಕುದುರೆಯ ಜೀನಿನಂತೆ ಚಾಸಿಯ ಕಂಬಿಯ ಎರಡು ಪಕ್ಕಕ್ಕೂ ಇಳಿಬಿದ್ದಿರುತ್ತದೆ. ನಡುವೆ ಕಂಬಿ ಹಾಯುವ ಸುರಂಗ. ಆ ಸುರಂಗದ ಮೇಲ್ಛಾವಣಿ ಟ್ಯಾಂಕಿನ ತಳಕ್ಕಿಂತ ಬಹಳ ಮೇಲಿದೆ. ಹೊರಗಿನಿಂದ ಯಾರಿಗೂ ಕಾಣದು. ತಗಡು ಕಂಬಿಗೆ ತಾಗದಿರಲೆಂದು ನಡುವೆ ರಬ್ಬರಿನ ಮೆತ್ತೆ ಇಟ್ಟಿರುತ್ತಾರೆ. ಐವತ್ತೇಳು ವರ್ಷಗಳಲ್ಲಿ ಒಂದು ಮೆತ್ತೆ ಟಾರಿನಂತಾಗಿ ಜಾರಿಹೋಗಿತ್ತು. ಅಷ್ಟು ಕಾಲ ಬಾಳಿದ ರಬ್ಬರಿನ ಮೇಲೆ ಯಾರೂ ಆಕ್ಷೇಪಣೆ ಮಾಡಲಾಗದು. ಅದು ಹೋದಮೇಲೆ ಯಂತ್ರದ ನಡುಕಕ್ಕೆ ತಗಡೂ ಕಂಬಿಯೂ ಒಂದನ್ನೊಂದು ತಿಕ್ಕುತ್ತ ಬಂದು, ಎರಡಾಣೆಯ ಅಗಲದ ಜಾಗ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಾಕಿನ ತೂತನ್ನು ಬಿಗಿದು, ಅಂಟುವಾಳದ ನೊರೆ ಬಳಿದು, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಊದಿದಾಗ ಆ ಹೊಳಪಿನ ನಡುವಿನಿಂದ ಒಂದು ಗುಳ್ಳೆ ಸಾಸಿವೆಯಷ್ಟಾಗಿ, ಕಡಲೆಯಷ್ಟಾಗಿ ಒಡೆಯಿತು. ಅದರ ಹಿಂದೆಯೇ ಇನ್ನೊಂದು. ಸೂಜಿಯ ಮೊನೆಯೂ ಹೋಗದ ತೂತು.

ಅದನ್ನು ಮುಚ್ಚುವುದು ಹುಡುಕಿದಷ್ಟು ಹೊತ್ತಿನ ಕೆಲಸವಲ್ಲ. ಆದರೆ ಹುಡುಕುವುದಕ್ಕಿಂತ ಅಪಾಯದ ಕೆಲಸ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಭಯಂಕರ. ಏಕೆಂದರೆ ತುಂಬಿದ್ದರಲ್ಲಿ ಗಾಳಿಗೆ ಸ್ಥಳವಿಲ್ಲ, ಬರಿದಾದುದರಲ್ಲಿ ಗಾಳಿಯೂ ಆವಿಯೂ ಹದವಾಗಿ ಬೆರೆತಿರುತ್ತವೆ. ಇದನ್ನು ತಿಳಿಯದೆ ಬರಿಯ ಟ್ಯಾಂಕಿಗೆ ಬೆಂಕಿ ತೋರಿಸಿ ಕೈ ಕಣ್ಣು ಕಳೆದುಕೊಂಡವರ ಕಥೆಗಳು ಎಲ್ಲ ಊರಿನ ಗ್ಯಾರೇಜುಗಳಲ್ಲಿಯೂ ಉಂಟು. ಮೆಕ್ಯಾನಿಕರು ಬಿಸಿನೀರು ಸೋಡಾಗಳಿಂದ ಟ್ಯಾಂಕನ್ನು ಮೂರು ಸಲ ತೊಳೆದು, ಒಂದು ರಾತ್ರಿ ಬಾಯಿ ತೆರೆದಿಟ್ಟು, ಮರುದಿನ ಅದನ್ನು ಬೋರಲು ಮಾಡಿ ತೂತಿನ ಜಾಗಕ್ಕೆ ಬೆರಳಗಲ ಕಡಿಮೆಯಿರುವಂತೆ ನೀರು ತುಂಬಿಸಿದರು. ಅವರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರಂತೆ. ಬೆಂಕಿಯನ್ನು ಬೀದಿಯ ಆಚೆ ಬದಿಗಿಟ್ಟು, ಅದರಲ್ಲಿ ತಾಮ್ರದ ಬೆಸುಗೆಕೋಲನ್ನು ಕಾಯಿಸಿ ಇಲ್ಲಿಗೆ ತಂದು, ನವಸಾಗರ ಉಜ್ಜಿ, ಸೀಸ ತವರಗಳ ಬೆರಕೆಯನ್ನು ಹನಿಯಾಗಿ ಕರಗಿಸಿ ಎಳೆದ ಆ ಕೈಯ ಓಟದಲ್ಲಿ ಇತ್ತಲೆ ಪಾತ್ರೆಯೊಳಗೆ ಬಟ್ಟೆಯಾಡಿಸುವ ಕಲಾಯಿಯವನೇ ಕಾಣಿಸುತ್ತಿದ್ದ. ಹಳೆಯ ಟೈರಿನಿಂದ ಕೊಯ್ದ ಹೊಸ ಮೆತ್ತೆಗಳನ್ನಿಟ್ಟರು. ಮುಚ್ಚಳದ ಉಸಿರುಗಂಡಿಯನ್ನು ಸಣ್ಣ ತಂತಿಯಿಂದ ಬಿಡಿಸಿದರು. ಕೂಲಿ ಕೇಳಿದ್ದಕ್ಕೆ, "ಹುಡುಕಿದ್ದು ಅಮ್ಮಾವ್ರು. ಬೆಸುಗೆಗೆ ಎಷ್ಟೋ ಅಷ್ಟು ಕೊಡಿ" ಎಂದರು.

ಪರೀಕ್ಷೆಗೆ ತಕ್ಕ ದಿನ ಬೇಕಾಗಿತ್ತು. ಜೂನ್ ತಿಂಗಳ ಮೂರನೆಯ ವಾರ ಮೋಡದಲ್ಲಿಯೇ ಕಳೆಯಿತು; ದೀಪವೂ ಹಾಗೆಯೇ ಇತ್ತು. ಅನಂತರ ಒಂದು ಸಲ ಮೂರು ದಿನ ಬಿಸಿಲು ಬಂದಿತು. ಟ್ಯಾಂಕಿಗೆ ಕಂಠದವರೆಗೆ ತುಂಬಿಸಿ, ಅದೇ ಕಿಟಕಿಗೆ ನೇರವಾಗಿ ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ಈ ಸಲ ಮುಚ್ಚಿಟ್ಟೆವು. ಮೊದಲನೆಯ ಸಂಜೆ ತಾಯಿಯವರು ಬಂದು ಹೊಸ್ತಿಲಲ್ಲಿ ನಿಂತರು. ಒಂದು ಕ್ಷಣವಾದ ಮೇಲೆ, "ತುಂಬಿಸಿದ್ದೀಯಾ?" ಎಂದು ಕೇಳಿದರು. ತುಂಬಿಸಿದ್ದೇನೆಂದೆ. ಏನೂ ಹೇಳದೆ ಒಳಗೆ ಹೋದರು. ಎರಡನೆಯ ಸಂಜೆಯೂ ಹಾಗೆಯೇ ಆಯಿತು. ಪಂಚಾಂಗದ ಅಂಚಿನಲ್ಲಿ ಗೀಟಿನ ಮುಂದೆ ಎರಡು ದಿನಗಳ ಜಾಗ ಬರಿದಾಗಿಯೇ ಉಳಿಯಿತು. ಮೂರನೆಯ ಸಂಜೆ ಅವರು ಹೊಸ್ತಿಲಲ್ಲಿ ನಿಲ್ಲಲೇ ಇಲ್ಲ; ಕಾಲು ತೊಳೆದುಕೊಂಡು ನೇರವಾಗಿ ನಡೆದರು. ಸ್ವಲ್ಪ ಹೊತ್ತಿನಲ್ಲಿ ದೇವರಮನೆಯಿಂದ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು.